ಕಳ್ಳ ಹುಟ್ಟಂಗಿಲ್ಲ, ಊರೇ ಕಳ್ಳನ್ನ ಮಾಡ್ತೈತಿ



‘ಕೇರಿ ಹುಡುಗರು ಕೆಟ್ಟು ಹೋದವು’ ಅನ್ನೋ ಮಾತು ನಮ್ಮ ಸೀಮೆಯಲ್ಲಿ ಬಹಳ ಸಲೀಸಾಗಿ ಓಡಾಡುತ್ತದೆ. ಬಳಗಾನೂರಿನ ಚಹಾದಂಗಡಿ, ಮಸ್ಕಿಯ ಸಂತೆ, ಲಿಂಗಸುಗೂರಿನ ಬಸ್‌ಸ್ಟ್ಯಾಂಡು, ಸಿಂಧನೂರಿನ ಕಚೇರಿ ವರಾಂಡ, ಎಲ್ಲಿ ಕುಂತರೂ ಕಿವಿಗೆ ಬೀಳುತ್ತದೆ. ಒಂದು ಮೊಬೈಲು ಕಳೆದರೆ, ಒಂದು ಬೈಕಿನ ಪೆಟ್ರೋಲು ಇಳಿದರೆ ಊರು ಮೊದಲು ನೋಡುವುದು ನಮ್ಮ ಓಣಿಯ ಕಡೆಗೆ. “ಅವರ ರಕ್ತನ ಅಂಥಾದ್ದು” ಅನ್ನುತ್ತಾರೆ ಒಬ್ಬರು. “ಮೊಬೈಲು, ಸಿನಿಮಾ ಕೆಡಿಸ್ಯಾವು” ಅನ್ನುತ್ತಾರೆ ಇನ್ನೊಬ್ಬರು. “ನಾಕು ಒದ್ದರ ಸರಿಹೋಗ್ತಾವು” ಅನ್ನುತ್ತಾರೆ ಮತ್ತೊಬ್ಬರು.

ಈ ಮೂರೂ ಸುಳ್ಳು. ಯಾಕೆ ಸುಳ್ಳು, ಈ ಸುಳ್ಳಿನಿಂದ ಯಾರಿಗೆ ಲಾಭ ಅನ್ನುವುದನ್ನು ನಾವೇ ಹೇಳಬೇಕು. ನಾವು ಹೇಳದಿದ್ದರೆ ನಮ್ಮ ಮಕ್ಕಳ ಕತೆಯನ್ನು ಪೊಲೀಸ್ ಠಾಣೆಯ ಡೈರಿ ಹೇಳುತ್ತದೆ.

ರಕ್ತದ ಮಾತು

ಜಾತಿ ಹುಟ್ಟಿದ ದಿನವೇ ಈ ರಕ್ತದ ಮಾತೂ ಹುಟ್ಟಿತು. ಅದಕ್ಕೆ ಸರಕಾರಿ ಮುದ್ರೆ ಒತ್ತಿದವರು ಬ್ರಿಟಿಷರು. 1871ರಲ್ಲಿ ಅವರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದರು. ತಪ್ಪು ಮಾಡಿದ ಮನುಷ್ಯನನ್ನು ಬಿಟ್ಟು ಇಡೀ ಕುಲವನ್ನೇ ಅಪರಾಧಿ ಎಂದು ಬರೆದಿಡುವ ಕಾಯ್ದೆ ಅದು. 1911ರಲ್ಲಿ ತಮ್ಮ ಆಳ್ವಿಕೆಯ ದೇಶಕ್ಕೆಲ್ಲ ಹಬ್ಬಿಸಿದರು. ಕನ್ನಡ ನಾಡಿನ ಕೊರಮರು, ಕೊರಚರು, ಗಂಟಿಚೋರರು ಆ ಪಟ್ಟಿಗೆ ಬಿದ್ದರು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಸೆಟ್ಲಮೆಂಟು ಕಟ್ಟಿ ಜನರನ್ನು ಕೂಡಿಹಾಕಿದರು. ಹಾಜರಿ ಹಾಕದೆ ಪರಊರಿಗೆ ಹೋದರೆ ಅದೇ ಅಪರಾಧ. ಇನ್ನೂ ಕೇಳಿರಿ: 1897ರ ತಿದ್ದುಪಡಿ ನಾಲ್ಕು ವರ್ಷದಿಂದ ಹದಿನೆಂಟು ವರ್ಷದ ತನಕದ ಮಕ್ಕಳನ್ನು ತಾಯಿತಂದೆಯಿಂದ ಬೇರ್ಪಡಿಸಿ ಇಡುವ ಅಧಿಕಾರವನ್ನೂ ಕೊಟ್ಟಿತು. ನಾಲ್ಕು ವರ್ಷದ ಕೂಸು! ಅದು ಏನು ಕದ್ದಿತ್ತು? ತಾಯಿಯ ಮೊಲೆಹಾಲು ಬಿಟ್ಟರೆ ಏನನ್ನೂ ಕದ್ದಿರಲಿಲ್ಲ.

1952ರಲ್ಲಿ ಆ ಕಾಯ್ದೆ ರದ್ದಾಯಿತು. ಕಾಗದ ಹೋಯಿತು, ಕಣ್ಣು ಹೋಗಲಿಲ್ಲ. ಅದರ ಬೆನ್ನಿಗೇ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ನಮ್ಮ ರಾಜ್ಯದ್ದು 1961ರದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನೊಳಗೆ ಜಾತಿ ನೋಡಿ ಕಸ ಗುಡಿಸುವ, ಪಾಯಿಖಾನೆ ತೊಳೆಯುವ ಕೆಲಸ ಹಂಚುವುದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಬೇಕಾಯಿತು. ವಿಮುಕ್ತ ಬುಡಕಟ್ಟುಗಳನ್ನು ಹುಟ್ಟಾ ಅಪರಾಧಿಗಳಂತೆ ಕಾಣುವ ಜೈಲು ಕೈಪಿಡಿಗಳ ಮಾತನ್ನೂ ಅದು ತೆಗೆದುಹಾಕಿತು. ಸ್ವಾತಂತ್ರ್ಯ ಬಂದು ಎಪ್ಪತ್ತೇಳು ವರ್ಷವಾದ ಮೇಲೆ! ಜಾತಿ ಜೈಲಿನ ಒಳಗೂ ಇತ್ತು ಅಂದರೆ ಜೈಲಿನ ಬಾಗಿಲ ತನಕ ನಮ್ಮ ಹುಡುಗರನ್ನು ನಡೆಸಿಕೊಂಡು ಬಂದದ್ದು ಯಾವುದು ಅಂತ ಬೇರೆ ಹೇಳಬೇಕೇ?

ಒಂದು ಕಡೆ ‘ಅಪರಾಧಿ ಬುಡಕಟ್ಟು’ ಎಂಬ ಜನರನ್ನು, ಇನ್ನೊಂದು ಕಡೆ ಅಸ್ಪೃಶ್ಯರನ್ನು ಹುಟ್ಟುಹಾಕಿದ ನಾಗರಿಕತೆ ಅದೆಂಥ ನಾಗರಿಕತೆ ಎಂದು ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಕುರಿತ ತಮ್ಮ ಪುಸ್ತಕದ ಮುನ್ನುಡಿಯಲ್ಲೇ ಕೇಳಿದ್ದರು. ಉತ್ತರ ಇನ್ನೂ ಬಂದಿಲ್ಲ.

ಒಬ್ಬ ಹುಡುಗ

ಈಗ ಒಬ್ಬ ಹುಡುಗನನ್ನು ತಗೊಳ್ಳಿರಿ. ಅವನ ಹೆಸರು ಬ್ಯಾಡ. ಕಾನೂನಿನ ಕೈಗೆ ಸಿಕ್ಕ ಮಗುವಿನ ಹೆಸರು ಅಚ್ಚು ಮಾಡುವುದು ಕಾನೂನಿಗೇ ವಿರುದ್ಧ. ಅಲ್ಲದೆ ಇವನು ಒಬ್ಬನಲ್ಲ. ನಮ್ಮ ಕೇರಿ, ತಾಂಡಾ, ಗುಡಿಸಲುಗಳ ಹತ್ತಾರು ಹುಡುಗರನ್ನು ಕೂಡಿಸಿ ಮಾಡಿದ ಹುಡುಗ.

ಇವನ ಅಜ್ಜನ ಕಾಲಕ್ಕೆ ತುಂಗಭದ್ರೆಗೆ ಅಣೆಕಟ್ಟು ಬಂತು. ಎಡದಂಡೆ ಕಾಲುವೆ ಬಂತು. ನೀರು ಬಂತು, ಭತ್ತ ಬಂತು, ಕ್ಯಾಂಪುಗಳು ಬಂದವು, ರೈಸ್‌ಮಿಲ್ಲು ಬಂದವು. ಕೇರಿಗೆ ಬಂದದ್ದು ಕೂಲಿ. ಹೊಲ ಇದ್ದವನ ಹೊಲಕ್ಕೆ ನೀರು ಹರಿಯಿತು, ಹೊಲ ಇಲ್ಲದವನ ಮೈಯಿಂದ ಬೆವರು ಹರಿಯಿತು. ಭೂಮಿ ಹಂಚದೆ ನೀರು ಹಂಚಿದರೆ ಆಗುವುದು ಇದೇ.

ಇವನ ಅವ್ವ ನಾಟಿ ಹಚ್ಚಲು ಹೋಗುತ್ತಾಳೆ, ಕಳೆ ತೆಗೆಯಲು ಹೋಗುತ್ತಾಳೆ, ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆ. ಹುಡುಗ ಐದನೇ ಇಯತ್ತೆ ತನಕ ಸಾಲಿಗೆ ಹೋದ. ಅಷ್ಟರಲ್ಲಿ ಸೀಡ್ಸ್ ಹತ್ತಿಯ ಹಂಗಾಮು ಬಂತು. ಬೀಜದ ಹತ್ತಿಗೆ ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡುಹೂ ತಂದು ಒಂದೊಂದಕ್ಕೂ ಮುಟ್ಟಿಸಬೇಕು. ಗಿಡದ ಎತ್ತರಕ್ಕೆ ಸರಿಯಾದ ಸಣ್ಣ ಮೈ, ಹೂ ಹರಿಯದ ಮೆತ್ತನ್ನ ಬೆರಳು ಬೇಕು. ದೊಡ್ಡವರ ಕೂಲಿಗಿಂತ ಕಡಿಮೆಗೆ ಸಿಗುವ ಬೆರಳು ಬೇಕು. ಮಧ್ಯಸ್ಥ ಬಂದು ಮನೆಗೆ ಮುಂಗಡ ಕೊಟ್ಟ. ಹುಡುಗ ಟಂಟಂ ಹತ್ತಿದ. ಬೆಳಗಿನ ಆ ಹೊತ್ತಿಗೇ ಸಾಲಿಯ ಗಂಟೆ ಹೊಡೆಯಿತು. ಎಣ್ಣೆ ಹೊಡೆದ ಹೊಲದಲ್ಲಿ ತಿಂಗಳುಗಟ್ಟಲೆ ನಿಂತು ಹೂ ಮುಟ್ಟಿಸಿದ ಹುಡುಗ ವಾಪಸು ಸಾಲಿಗೆ ಹೋದಾಗ ಪಾಠ ಮುಂದೆ ಹೋಗಿತ್ತು. ಹಿಂದಿನ ಬೆಂಚು ಸಿಕ್ಕಿತು. ‘ದಡ್ಡ’ ಎಂಬ ಹೆಸರು ಸಿಕ್ಕಿತು.

ಮಳೆ ಕೈಕೊಟ್ಟ ವರ್ಷ, ಕಾಲುವೆಯ ಕೊನೆಗೆ ನೀರು ಮುಟ್ಟದ ವರ್ಷ ಮನೆಗೆ ಮನೆಯೇ ಗುಳೆ ಹೋಯಿತು. ಬೆಂಗಳೂರಿನಲ್ಲಿ ಕಟ್ಟಡ ಏಳುವ ಜಾಗದಲ್ಲೇ ತಗಡಿನ ಶೆಡ್ಡು. ಅಲ್ಲಿ ಇವನಿಗೆ ಸಾಲಿ ಇಲ್ಲ, ತಂಗಿಯನ್ನು ಆಡಿಸುವ ಕೆಲಸ. ಆಮೇಲೆ ಗ್ಯಾರೇಜು, ಆಮೇಲೆ ಧಾಬಾ. ಊರಿಗೆ ತಿರುಗಿ ಬಂದಾಗ ಹದಿನಾಲ್ಕು. ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೂ ಇಲ್ಲ. ಓದಲು ಬಾರದು. ಹೊಲದ ಕೆಲಸ ಮೈಗೆ ಹತ್ತದು. ಅಂಗಡಿಯಲ್ಲಿ ಕೆಲಸಕ್ಕೆ ಕೇಳಿದರೆ “ಯಾರ ಪೈಕಿ?” ಅಂತ ಕೇಳುತ್ತಾರೆ. ಜಾತಿ ಹೇಳಿದ ಮೇಲೆ ಕೆಲಸ ಇರುವುದಿಲ್ಲ.

ದೇವದಾಸಿ ತಾಯಿಯ ಮಗನಾದರೆ ಇನ್ನೊಂದು ಪ್ರಶ್ನೆ: “ನಿಮ್ಮಪ್ಪ ಯಾರು?” ಮುತ್ತು ಕಟ್ಟುವುದನ್ನು ನಮ್ಮ ರಾಜ್ಯ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಅಪ್ಪನ ಹೆಸರಿನ ಖಾಲಿ ಜಾಗವನ್ನು ಆ ಕಾಯ್ದೆ ತುಂಬಲಿಲ್ಲ. ಆ ಖಾಲಿ ಜಾಗದಲ್ಲಿ ಎಷ್ಟು ಮಕ್ಕಳು ಎಡವಿ ಬಿದ್ದಿದ್ದಾರೆ ಎಂದು ಕೇರಿಯ ತಾಯಂದಿರಿಗೆ ಗೊತ್ತು.

ಇಂಥಾ ಹುಡುಗನನ್ನು ‘ಬಾರಪಾ’ ಎಂದು ಕರೆಯುವವರು ಊರಲ್ಲಿ ಯಾರು? ಮಟ್ಕಾ ಚೀಟಿ ಬರೆಯುವವನು ಕರೆಯುತ್ತಾನೆ. ಪಾಕೀಟು ಸೆರೆ ಮಾರುವವನು ಕರೆಯುತ್ತಾನೆ. ಗುಜರಿ ಅಂಗಡಿಯವನು ಕರೆಯುತ್ತಾನೆ. ಸಾಲಿ, ಹಾಸ್ಟೆಲ್, ಗ್ರಂಥಾಲಯ, ಆಟದ ಬಯಲು ಕರೆಯುವುದಿಲ್ಲ. ಹದಿನಾರಕ್ಕೆ ಅವನು ಒಂದು ರಾತ್ರಿ ಕಾಲುವೆ ದಂಡೆಯ ಪಂಪ್‌ಸೆಟ್ಟಿನ ಕೇಬಲ್ಲು ಕೊಯ್ದ. ರಬ್ಬರು ಸುಟ್ಟು ತಾಮ್ರ ತೆಗೆದು ಮಾರಿದ. ಬೆಳಗಾಗುವುದರೊಳಗೆ ಊರಿಗೆಲ್ಲ ಕಳ್ಳ ಸಿಕ್ಕಿಬಿಟ್ಟ.

ಯಾರ ಕಳ್ಳತನ ಕಳ್ಳತನ?

ಕದ್ದದ್ದು ತಪ್ಪು. ನಾವು ಅದನ್ನು ಸರಿ ಎನ್ನುತ್ತಿಲ್ಲ. ಆ ಕೇಬಲ್ಲು ಸಾಲ ಮಾಡಿ ಹಾಕಿಸಿದ ಬಡ ರೈತನದಾಗಿದ್ದರೆ ಅವನ ಬೆಳೆಯೂ ಒಣಗುತ್ತದೆ, ಅದೂ ನಮಗೆ ಗೊತ್ತು. ಆದರೆ ಲೆಕ್ಕ ಕೇಳುವುದಾದರೆ ಪೂರ್ತಿ ಲೆಕ್ಕ ಕೇಳೋಣ.

ಕಾಲುವೆಯ ಮೇಲ್ಭಾಗದಲ್ಲಿ ಪಂಪು ಹಚ್ಚಿ, ಕಾಲುವೆ ಒಡೆದು ಅಕ್ರಮವಾಗಿ ನೀರು ಎಳೆಯುವವರಿದ್ದಾರೆ. ಕೆಳಭಾಗದ ಹಳ್ಳಿಗಳ ಹೊಲ ಬಾಯಿ ಬಿಡುತ್ತದೆ. ಪ್ರತಿ ವರ್ಷ ಕೆಳಭಾಗದ ರೈತರು ರಸ್ತೆಗಿಳಿದು ಕೂಗುತ್ತಾರೆ. ಆ ನೀರು ಎಳೆದವರನ್ನು ಯಾರಾದರೂ ‘ಕಳ್ಳ’ ಎಂದು ಕರೆದದ್ದು ಕೇಳಿದ್ದೀರಾ? ಅವರು ಸಾಹುಕಾರರು, ಮುಖಂಡರು, ಹಾರ ಹಾಕಿಸಿಕೊಳ್ಳುವವರು. ಹೊಳೆಯ ಮರಳು ರಾತ್ರೋರಾತ್ರಿ ಟ್ರ್ಯಾಕ್ಟರ್ ಹತ್ತಿ ಹೋದರೆ ಅದು ವ್ಯಾಪಾರ. ಕೂಲಿಯಲ್ಲಿ ಹಿಡಿದರೆ ಅದು ಲೆಕ್ಕ. ಮಗುವಿನ ಬೆರಳು ಮೂರು ತಿಂಗಳು ಹತ್ತಿ ಹೊಲಕ್ಕೆ ಹೋದರೆ ಅದು ‘ಮನೆಗೆ ಆಸರೆ’. ನೀರು ಕದಿಯುವ ಪಂಪಿಗೆ ಕೇಸಿಲ್ಲ, ಪಂಪಿನ ಕೇಬಲ್ಲು ಕದ್ದ ಹುಡುಗನಿಗೆ ಕೇಸಿದೆ. ತಾಮ್ರ ಕೊಂಡ ಗುಜರಿಯವನು ಮರುದಿನವೂ ಅಂಗಡಿ ತೆಗೆಯುತ್ತಾನೆ.

ನಮ್ಮ ಮಕ್ಕಳು ಕದಿಯದಿದ್ದರೂ ಅಪರಾಧಿಗಳೇ. 2021ರ ಸೆಪ್ಟೆಂಬರಿನಲ್ಲಿ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕು ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸು ಹನುಮಪ್ಪನ ಗುಡಿಯೊಳಗೆ ಓಡಿತು. ಹುಟ್ಟಿದ ದಿನ ಅಂತ ಕೈಮುಗಿಯಲು ಬಂದಿದ್ದ ಮನೆಯವರಿಗೆ ಗುಡಿ ಶುದ್ಧಿಯ ಹೆಸರಿನಲ್ಲಿ 25 ಸಾವಿರ ರೂಪಾಯಿ ದಂಡ ಕೇಳಿದರು. 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕು ಉಳ್ಳೇರಹಳ್ಳಿಯಲ್ಲಿ ಹದಿನೈದರ ಹುಡುಗ ದೇವರ ಕೋಲು ಮುಟ್ಟಿದ ಎಂದು 60 ಸಾವಿರ ದಂಡ. ಅದೇ ತಿಂಗಳ ಕೊನೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲೂಕಿನ ಹಳ್ಳಿಯೊಂದರಲ್ಲಿ ಕಿವಿಯೋಲೆ ಕದ್ದ ಎಂಬ ಆಪಾದನೆಗೆ ಹದಿನಾಲ್ಕರ ದಲಿತ ಹುಡುಗನನ್ನು ಕಂಬಕ್ಕೆ ಕಟ್ಟಿ ಹೊಡೆದರು. ಬಿಡಿಸಲು ಬಂದ ತಾಯಿಯನ್ನೂ ಬಿಡಲಿಲ್ಲ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ವಕೀಲ ಇಲ್ಲ. ಕಂಬವೇ ಕೋರ್ಟು.

ಎರಡು ವರ್ಷದ ಕೂಸಿಗೆ ದಂಡ ಹಾಕುವ ಊರು ಹದಿನಾರು ವರ್ಷದ ಹುಡುಗನಿಗೆ ನೀತಿ ಹೇಳಲು ಬರುತ್ತದೆ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ ಎನ್ನುತ್ತದೆ ದೇಶದ ಕಾನೂನು. ಜಾತಿಯ ಕಾನೂನಿಗೆ ವಯಸ್ಸಿನ ಲೆಕ್ಕ ಇಲ್ಲ.

ದೊಡ್ಡವರ ಕೇಸಿನ ದಾರಿಯನ್ನೂ ನೋಡಿರಿ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. 98 ಜನರಿಗೆ ಜೀವಾವಧಿ ಆಯಿತು; ತಿಂಗಳೊಳಗೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನೂ ಆಯಿತು. ಮನೆ ಸುಟ್ಟ ನ್ಯಾಯಕ್ಕೆ ಹತ್ತು ವರ್ಷ. ಕಿವಿಯೋಲೆಯ ಅನುಮಾನಕ್ಕೆ ಹತ್ತು ನಿಮಿಷವೂ ಇಲ್ಲ.

ಅಂಕಿ ಏನು ಹೇಳುತ್ತದೆ

‘ಮಕ್ಕಳ ಅಪರಾಧ ಮಿತಿ ಮೀರಿದೆ’ ಎಂದು ಕೂಗುವವರಿಗೆ ಸರಕಾರದ ಪುಸ್ತಕವನ್ನೇ ತೋರಿಸೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ಇಡೀ ದೇಶದಲ್ಲಿ ಮಕ್ಕಳ ಮೇಲೆ ದಾಖಲಾದ ಪ್ರಕರಣ 30,555. ಅದೇ ವರ್ಷ ದೇಶದಲ್ಲಿ ದಾಖಲಾದ ಒಟ್ಟು ಪ್ರಕರಣ 58 ಲಕ್ಷಕ್ಕೂ ಮೇಲೆ. ಸಾವಿರ ಕೇಸಿನಲ್ಲಿ ಐದು ಮಕ್ಕಳದು, ಉಳಿದ ಒಂಬೈನೂರ ತೊಂಬತ್ತೈದು ದೊಡ್ಡವರದು. ಇನ್ನು ಅದೇ ವರ್ಷ ಮಕ್ಕಳ ವಿರುದ್ಧ ನಡೆದ ಅಪರಾಧದ ಪ್ರಕರಣ 1,62,449. ಮಕ್ಕಳು ಮಾಡಿದ್ದಕ್ಕಿಂತ ಮಕ್ಕಳಿಗೆ ಮಾಡಿದ್ದು ಐದು ಪಟ್ಟು. ಈಗ ಹೇಳಿರಿ, ಯಾರಿಂದ ಯಾರನ್ನು ಕಾಪಾಡಬೇಕು?

ನಮ್ಮ ರಾಯಚೂರು ಜಿಲ್ಲೆಯ ಅಕ್ಷರದ ಲೆಕ್ಕ 2011ರ ಜನಗಣತಿಯಲ್ಲಿ ನೂರಕ್ಕೆ 59.56. ರಾಜ್ಯದ್ದು 75.36. ನಡುವಿನ ಆ ಹದಿನಾರರ ಅಂತರದಲ್ಲೇ ನಮ್ಮ ಹುಡುಗ ಬಿದ್ದಿದ್ದಾನೆ.

ಕಾನೂನು ಇದೆ, ಕೇರಿಗೆ ಬಂದಿಲ್ಲ

2012ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಘೋರದಲ್ಲಿ ಆರು ಜನರ ಪೈಕಿ ಒಬ್ಬ ಹದಿನೆಂಟರೊಳಗಿನವನು. ದೇಶ ಸಿಟ್ಟಿಗೆದ್ದಿತು, ಸಿಟ್ಟು ನ್ಯಾಯವೇ. ಆದರೆ ಆ ಸಿಟ್ಟಿನಲ್ಲಿ ಬಂದ 2015ರ ಬಾಲ ನ್ಯಾಯ ಕಾಯ್ದೆ, ಘೋರ ಅಪರಾಧವಾದರೆ ಹದಿನಾರು ದಾಟಿದ ಮಕ್ಕಳನ್ನು ದೊಡ್ಡವರಂತೆ ವಿಚಾರಣೆ ಮಾಡುವ ಬಾಗಿಲು ತೆಗೆಯಿತು. ಆ ಬಾಗಿಲೊಳಗೆ ಮೊದಲು ತಳ್ಳಿಸಿಕೊಳ್ಳುವವರು ವಕೀಲರಿಲ್ಲದ ಮನೆಯ ಮಕ್ಕಳು ಎಂಬುದು ನಮ್ಮ ಆತಂಕ.

ಅದೇ ಕಾಯ್ದೆಯಲ್ಲಿ ನಮಗೆ ಬೇಕಾದದ್ದೂ ಇದೆ. ಇದನ್ನು ಓದಿ ಹೇಳಿರಿ, ಓದು ಬಾರದವರಿಗೆ ಕೇಳಿಸಿರಿ. ಹದಿನೆಂಟರೊಳಗಿನ ಮಗುವನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಕೈಕೋಳ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. ಮಗುವಿಗೆ ಜಾಮೀನು ಕೊಡುವುದೇ ನಿಯಮ, ನಿರಾಕರಿಸಿದರೆ ಕಾರಣ ಬರೆಯಬೇಕು. ವಕೀಲರು ಪುಕ್ಕಟೆ. ಪ್ರತಿ ಠಾಣೆಯಲ್ಲಿ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ವಯಸ್ಸಿಗೆ ಮೊದಲ ದಾಖಲೆ ಸಾಲಿಯದ್ದು. ಸಾಲಿಗೇ ಹೋಗದವನ ವಯಸ್ಸನ್ನು ಠಾಣೆಯಲ್ಲಿ ‘ಹತ್ತೊಂಬತ್ತು’ ಅಂತ ಬರೆದುಬಿಟ್ಟರೆ ಈ ಕಾಯ್ದೆಯ ಒಂದಕ್ಷರವೂ ಅವನಿಗೆ ದಕ್ಕುವುದಿಲ್ಲ. ಅದಕ್ಕೇ ಹೇಳುವುದು, ಜನನ ಪತ್ರ ಮಾಡಿಸಿ ಇಟ್ಟುಕೊಳ್ಳಿರಿ.

ಇನ್ನೊಂದು ಮಾತು. ಬಾಲ ನ್ಯಾಯ ಮಂಡಳಿಯ ಮುಂದೆ ತಪ್ಪು ಸಾಬೀತಾದರೂ ಆ ಕಾರಣಕ್ಕೆ ಮುಂದೆ ನೌಕರಿ, ಓದು ತಪ್ಪಬಾರದು. ಅವಧಿ ಮುಗಿದ ಮೇಲೆ ಆ ದಾಖಲೆಯನ್ನೇ ನಾಶ ಮಾಡಬೇಕು ಎನ್ನುತ್ತದೆ ಕಾಯ್ದೆ. ದೊಡ್ಡವರಂತೆ ವಿಚಾರಣೆಯಾದ ಕೆಲವು ಕೇಸು ಬಿಟ್ಟರೆ ಎಲ್ಲರಿಗೂ ಇದು ಅನ್ವಯ. ಮನುಷ್ಯ ಬದಲಾಗುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ. ಇದು ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಅದು ಬೆಳಕಿಗೆ ಬಂದಾಗ ‘ದೇವಾನಾಂಪ್ರಿಯ’ ಅಶೋಕನೇ ಎಂದು ಜಗತ್ತಿಗೆ ಖಾತ್ರಿಯಾಯಿತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಮೇಲೇರಬಹುದು ಎನ್ನುವುದು ಆ ಬಂಡೆಯ ತಾತ್ಪರ್ಯ. ಬರೆಸಿದವನು ಯಾರು? ಕಳಿಂಗದಲ್ಲಿ ಲಕ್ಷ ಜನ ಸತ್ತರು ಎಂದು ತನ್ನ ಶಾಸನದಲ್ಲೇ ಒಪ್ಪಿಕೊಂಡ ರಾಜ. ಲಕ್ಷ ಜೀವ ತೆಗೆದವನಿಗೆ ಬದಲಾಗಲು ಅವಕಾಶ ಇತ್ತು. ಹತ್ತು ಮಾರು ಕೇಬಲ್ಲು ಕೊಯ್ದ ಹುಡುಗನಿಗೆ ಯಾಕಿಲ್ಲ?

ನಮ್ಮ ಮನೆಯೊಳಗೆ

ಬೇರೆಯವರನ್ನು ಬೈದು ಸುಮ್ಮನಾಗುವುದಕ್ಕೆ ಈ ಪತ್ರಿಕೆ ಇಲ್ಲ. 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕಿರಾಣಿ ಅಂಗಡಿಯ ಗಲ್ಲೆಯ ಕೆಳಗೆ ಪಾಕೀಟು ಬಂದಿದೆ. ಕುಡಿದು ಬಂದ ಅಪ್ಪ ಹೆಂಡತಿಯನ್ನು ಹೊಡೆಯುವುದನ್ನು ನೋಡಿ ಬೆಳೆದ ಹುಡುಗ ‘ಗಂಡಸುತನ’ ಅಂದರೆ ಇದೇ ಅಂದುಕೊಳ್ಳುತ್ತಾನೆ. ಆಮೇಲೆ ಅವನು ಮೊದಲು ಕಾಡುವುದು ನಮ್ಮದೇ ಓಣಿಯ ಹೆಣ್ಣುಮಕ್ಕಳನ್ನು. ಅದನ್ನು ‘ಹುಡುಗಾಟ’ ಎಂದು ಮುಚ್ಚಿಹಾಕಬಾರದು. ಗೌಡನ ಚಾಟಿಗೆ ಎದುರು ನಿಂತ ನಾವು ಅಪ್ಪನ ಬೆಲ್ಟಿಗೂ ಎದುರು ನಿಲ್ಲಬೇಕು.

ಮುಂಗಡ ತಗೊಂಡು ಮಗುವಿನ ಬೆರಳು ಒತ್ತೆ ಇಡುವುದೂ ನಿಲ್ಲಬೇಕು. ಹೊಟ್ಟೆಗೆ ಇಲ್ಲದವರಿಗೆ ಇದನ್ನು ಹೇಳುವುದು ಸುಲಭವಲ್ಲ. ಆದ್ದರಿಂದಲೇ ದೊಡ್ಡವರ ಕೂಲಿಗಾಗಿ ಹೋರಾಡದೆ ಮಕ್ಕಳನ್ನು ಬಿಡಿಸಲಾಗದು. ಅವ್ವನ ಕೂಲಿ ಸರಿಯಾದ ದಿನ ಮಗನ ಪಾಟಿಚೀಲ ತಾನಾಗಿ ಹೊರಗೆ ಬರುತ್ತದೆ.

ನಮ್ಮ ಬೇಡಿಕೆ, ನಮ್ಮ ಕೆಲಸ

ಗುಳೆ ಹೋಗುವ ಹಂಗಾಮಿನಲ್ಲಿ ಮಕ್ಕಳು ಊರಲ್ಲೇ ಉಳಿದು ಓದಲು ಹಂಗಾಮಿ ವಸತಿ ಶಾಲೆ ಬೇಕು. ಹಾಸ್ಟೆಲುಗಳಲ್ಲಿ ಸೀಟು ಹೆಚ್ಚಬೇಕು. ಪರಿಶಿಷ್ಟರ ಹಣ ಪರಿಶಿಷ್ಟರಿಗೇ ಎಂದು 2013ರ ಕಾಯ್ದೆ ಹೇಳುತ್ತದೆ, ಆ ಹಣ ಹಾಸ್ಟೆಲಿನ ಅನ್ನಕ್ಕೆ, ಪುಸ್ತಕಕ್ಕೆ ಬರಲಿ. ಬೀಜದ ಹತ್ತಿಯ ಹೊಲದಲ್ಲಿ ಮಗು ಕಂಡರೆ ಬರೀ ರೈತನ ಮೇಲಲ್ಲ, ಬೀಜ ಕೊಳ್ಳುವ ಕಂಪನಿಯ ಮೇಲೂ ಕೇಸಾಗಲಿ. ಸಾಲಿ ಬಿಟ್ಟ ಹದಿನಾಲ್ಕರಿಂದ ಹದಿನೆಂಟರ ಹುಡುಗರಿಗೆ ಕಸುಬು ಕಲಿಸುವ ಕೇಂದ್ರ ಸಿಂಧನೂರಿನಷ್ಟೇ ಅಲ್ಲ, ಬಳಗಾನೂರಿನಂಥ ಊರಿಗೂ ಬರಲಿ. ಮಕ್ಕಳಿಗೆ ಮಟ್ಕಾ ಚೀಟಿ, ಸೆರೆ ಪಾಕೀಟು ಹಿಡಿಸುವ ದೊಡ್ಡವರನ್ನು ಮೊದಲು ಹಿಡಿಯಲಿ. ಒದೆಯಿಂದ ಹುಡುಗ ತಿದ್ದುಕೊಳ್ಳುವುದಿಲ್ಲ, ಒದೆಯುವುದನ್ನು ಕಲಿಯುತ್ತಾನೆ.

ಸರಕಾರ ಕೊಡುವ ತನಕ ನಾವು ಕೈಕಟ್ಟಿ ಕೂಡಬಾರದು. ಪ್ರತಿ ಓಣಿಯಲ್ಲಿ ಓದಿದ ಇಬ್ಬರು ಸಂಜೆ ಒಂದು ತಾಸು ಮಕ್ಕಳನ್ನು ಕೂಡಿಸಿರಿ. ಸಮುದಾಯ ಭವನದ ಬೀಗ ತೆಗೆಸಿರಿ, ಒಂದು ಬಲ್ಬು, ನಾಲ್ಕು ಪುಸ್ತಕ, ಒಂದು ವಾಲಿಬಾಲು ಸಾಕು. ನಮ್ಮ ಹುಡುಗನನ್ನು ಠಾಣೆಗೆ ಒಯ್ದರೆಂದು ಗೊತ್ತಾದ ಕೂಡಲೇ ಇಬ್ಬರು ಹೋಗಿ ನಿಲ್ಲಿರಿ, “ಇವನ ವಯಸ್ಸೇನು, ಎಲ್ಲಿ ಇಟ್ಟೀರಿ, ಮಂಡಳಿ ಮುಂದೆ ಯಾವಾಗ ಒಯ್ತೀರಿ?” ಎಂದು ಕೇಳಿರಿ. 1098ಕ್ಕೆ ಫೋನು ಹಚ್ಚಿರಿ. ಬಿಡುಗಡೆಯಾಗಿ ಬಂದ ಹುಡುಗನನ್ನು ‘ಕಳ್ಳ’ ಅನ್ನಬ್ಯಾಡಿರಿ. ಊರು ಕೊಟ್ಟ ಆ ಹೆಸರನ್ನು ಕೇರಿಯೂ ಕರೆದರೆ ಅವನು ಎಲ್ಲಿಗೆ ಹೋಗಬೇಕು?

ಮುಂದಿನ ಸಭೆಗೆ ಬರುವಾಗ ನಿಮ್ಮ ಓಣಿಯಲ್ಲಿ ಸಾಲಿ ಬಿಟ್ಟ ಮಕ್ಕಳು ಎಷ್ಟು, ಯಾಕೆ ಬಿಟ್ಟರು, ಈಗ ಎಲ್ಲಿದ್ದಾರೆ ಎಂದು ಬರೆದುಕೊಂಡು ಬನ್ನಿರಿ. ಠಾಣೆಯಲ್ಲಿ ನಮ್ಮ ಮಕ್ಕಳ ಪಟ್ಟಿ ಇದೆ. ನಮ್ಮ ಕೈಯಲ್ಲೂ ಒಂದು ಇರಲಿ. ಅದನ್ನು ಹಿಡಿದು ಕಚೇರಿಯ ಮೆಟ್ಟಿಲು ಹತ್ತೋಣ.